ಗುರುಸಿದ್ದ ಪೈಲವಾನನ ಕ್ಯಾಮೆರಾ

ಗುರುಸಿದ್ದನ ಎರಡೂ ಕಿವಿಗಳು ಕುಸ್ತಿಯ ಮಣ್ಣಿನಲ್ಲಿ ಜಜ್ಜಿ ಜಜ್ಜಿ ಒಣ ಅಂಜೂರದಂತೆ ಗಂಟುಗಟ್ಟಿದ್ದವು. ಮುಧೋಳದ ಗರಡಿಯಲ್ಲಿ ಬೆಳೆದವನು. ಹನ್ನೆರಡರ ಪೋರನಿದ್ದಾಗಲೇ ಅವನ ಹೆಗಲ ಅಗಲ ನೋಡಿ ಬಾಳಾಸಾಹೇಬರು ಕರೆದುಕೊಂಡು ಬಂದು ತಾಲೀಮಿಗೆ ಹಾಕಿದ್ದರು. ಜಮಖಂಡಿ ಕಡೆ ಕಣ್ಣು ಹಾಯುವಷ್ಟು ದೂರ ಕಬ್ಬು ಬೆಳೆಯುವ ಆ ಮನೆತನಕ್ಕೆ ಎರಡು ಶೋಕಿ: ಪೈಲವಾನರನ್ನು ಸಾಕುವುದು, ಬೇಟೆನಾಯಿಗಳನ್ನು ಸಾಕುವುದು. ಹಾಲು, ತುಪ್ಪ, ಬಾದಾಮಿ ಯಾವುದಕ್ಕೂ ಕೊರತೆಯಿರಲಿಲ್ಲ. ಗುರುಸಿದ್ದನ ಜೊತೆಗೆ ಅದೇ ಕೋಣೆಯಲ್ಲಿ ಮಲಗಿ, ಅದೇ ಮಣ್ಣಿನಲ್ಲಿ ಹೊರಳಿ ಬೆಳೆದವನು ಜಕ್ಕಪ್ಪ. ಇಬ್ಬರೂ ಒಬ್ಬರ ಮೈಯ ಒಂದೊಂದು ಕೀಲನ್ನೂ ಇನ್ನೊಬ್ಬರು ಬಲ್ಲವರು.

ಮಹಾಲಿಂಗಪುರದ ಕುಸ್ತಿಯೊಂದರಲ್ಲಿ ಸಾಂಗ್ಲಿ ಕಡೆಯ ಜಟ್ಟಿಯೊಬ್ಬ ಗುರುಸಿದ್ದನ ಬಲಗೈಯನ್ನು ಬೆನ್ನ ಹಿಂದೆ ತಿರುಚಿ ಮೇಲೆತ್ತಿದ. ಹೆಗಲು ಗೂಡು ಬಿಟ್ಟು ಹೊರಬಂತು. ಡಾಕ್ಟರು ಕೂಡಿಸಿದರು. ಮುಂದಿನ ಕುಸ್ತಿಯಲ್ಲಿ ಮತ್ತೆ ಜಾರಿತು. ಆಮೇಲೆ ಅಂಗಿ ತೊಡುವಾಗಲೂ ಜಾರತೊಡಗಿತು. ಸಾಹೇಬರ ಮನೆಯಿಂದ ಹಾಲು ಬರುವುದು ಸದ್ದಿಲ್ಲದೆ ನಿಂತಿತು. ವಯಸ್ಸು ಕಳೆದ ಮೇಲೆ ಜಕ್ಕಪ್ಪ ಅಲ್ಲಿಯೇ ನಾಯಿ ನೋಡಿಕೊಳ್ಳುವ ಆಳಾದ. ಗುರುಸಿದ್ದ ಬೀಳಗಿ ಕಡೆಯ ಹೊಳೆದಂಡೆಯ ಹಳ್ಳಿಗಳಿಂದ ಹಾಲು ತರುವ ವ್ಯಾನಿಗೆ ಡ್ರೈವರಾದ.

ಕುಸ್ತಿ ಹೋಯಿತು, ಕೈಯೊಳಗಿನ ಕಸುವು ಹೋಗಲಿಲ್ಲ. ಒಂದು ದಿನ ಬಸ್‌ ನಿಲ್ದಾಣದ ಮುಂದೆ ವ್ಯಾನಿಗೆ ಗಾಡಿ ತಾಗಿಸಿದವನೊಬ್ಬನ ದವಡೆಗೆ ಎಡಗೈಯಲ್ಲಿ ಬಿಟ್ಟ ಏಟಿಗೆ ಅವನ ಎರಡು ಹಲ್ಲು ರಸ್ತೆಗೆ ಬಿದ್ದವು. ಮನೆಯಲ್ಲಿ ಅವನು ಎಂದೂ ಕೈ ಎತ್ತಿದವನಲ್ಲ. ಆದರೂ ಅವನು ತಂಬಿಗೆಯನ್ನು ಸ್ವಲ್ಪ ಜೋರಾಗಿ ಇಟ್ಟರೆ ಒಳಗಿದ್ದ ಹೆಂಡತಿ ರಾಜಶ್ರೀ ಬೆಚ್ಚಿಬೀಳುತ್ತಿದ್ದಳು. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಏನು ಮಾಡಬೇಕೆಂದು ಗೊತ್ತಿರಲಿಲ್ಲ.

ಕ್ಯಾಮೆರಾ ಅವನ ಕೈಗೆ ಬಂದದ್ದು ಬನಹಟ್ಟಿಯಲ್ಲಿ. ಮದುವೆ ಮನೆಯೊಂದಕ್ಕೆ ಹಾಲು ಇಳಿಸಲು ಹೋದವನು ಅಲ್ಲಿ ಫೋಟೊ ತೆಗೆಯುತ್ತಿದ್ದ ಸ್ಟುಡಿಯೋದ ಗೋಪಾಲನ ಪಕ್ಕ ನಿಂತ. ಕುತೂಹಲಕ್ಕೆ ದೊಡ್ಡ ಕ್ಯಾಮೆರಾ ಕೇಳಿ ಎತ್ತಿ ಹಿಡಿದ. ಬಲಹೆಗಲು ಗಡಗಡ ನಡುಗಿತು, ನಾಚಿ ಮರಳಿ ಕೊಟ್ಟ. ಗೋಪಾಲ ಚೀಲದಿಂದ ಇನ್ನೊಂದು ತೆಗೆದ. ಅಂಗೈಯಲ್ಲಿ ಮುಚ್ಚಿಹೋಗುವಂಥದು, ಕನ್ನಡಿ ಇಲ್ಲದ ಮಿರರ್‌ಲೆಸ್. ಅದಕ್ಕೊಂದು ಹಗುರ ಜೂಮ್ ಲೆನ್ಸ್.

“ಇದರ ಸೆನ್ಸರ್ ಸಣ್ಣದೈತಿ. ಹಂಗಾಗಿ ದೂರದ ಹಕ್ಕಿ ಚೌಕಟ್ಟಿನ್ಯಾಗ ದೊಡ್ಡದಾಗಿ ಕೂಡತೈತಿ,” ಎಂದ ಗೋಪಾಲ. “ಆದ್ರ ಲಗ್ನದಾಗ ದೊಡ್ಡ ಕ್ಯಾಮೆರಾ ಇರದಿದ್ರ ಬೀಗರು ನಮ್ಮನ್ನ ಫೋಟೋಗ್ರಾಫರ್ ಅಂತನ ನಂಬೂದಿಲ್ಲ. ನೀನ ಒಯ್ಯಿ, ರೊಕ್ಕ ಆದಂಗ ಕೊಡು.”

ಗುರುಸಿದ್ದನ ಕೈಯಲ್ಲಿ ಅದು ಆಟಿಕೆಯಂತೆ ಕಾಣುತ್ತಿತ್ತು. ಹಿಡಿಕೆಗೆ ಮೂರೇ ಬೆರಳು ಹಿಡಿಸಿ ಕಿರುಬೆರಳು ಕೆಳಗೆ ಜೋತಾಡುತ್ತಿತ್ತು. ಗರಡಿಯ ಹುಡುಗರು ನಕ್ಕರು. ನಸುಕಿನ ಮಂದ ಬೆಳಕಿನಲ್ಲಿ ಚಿತ್ರಗಳು ರವೆ ಉದುರಿಸಿದಂತೆ ಬರುತ್ತಿದ್ದವು. ಚಳಿಗೆ ಬ್ಯಾಟರಿ ಬೇಗ ಸಾಯುತ್ತಿತ್ತು, ಇನ್ನೊಂದನ್ನು ಅಂಗಿಯೊಳಗೆ ಮೈಗೆ ಒತ್ತಿ ಬೆಚ್ಚಗೆ ಇಟ್ಟುಕೊಳ್ಳುವುದನ್ನು ಕಲಿತ. ಗುಂಡಿ ಒತ್ತಿ ಹಿಡಿದರೆ ಒಂದರ ಬೆನ್ನಿಗೆ ಒಂದು ಚಿತ್ರ ಬೀಳುವುದನ್ನೂ, ಶಟರಿನ ಸದ್ದನ್ನು ಪೂರ್ತಿ ಆರಿಸಬಹುದೆಂಬುದನ್ನೂ ಕಲಿತ.

ಅವನಿಗೆ ಹಕ್ಕಿಗಳು ಹಿಡಿಸಿದ್ದು ಅವುಗಳ ಚೆಲುವಿಗಲ್ಲ, ಕಾಳಗಕ್ಕೆ. ಹಾಲಿನ ಕ್ಯಾನ್ ತುಂಬುವವರೆಗೆ ಅನಗವಾಡಿಯ ಹಿನ್ನೀರ ದಂಡೆಯಲ್ಲಿ ಹೊಟ್ಟೆಯ ಮೇಲೆ ಮಲಗಿರುತ್ತಿದ್ದ. ಕಳಿಂಗ ಹಕ್ಕಿ ಜೀವಂತ ಮಿಡತೆಯನ್ನು ಜಾಲಿ ಮುಳ್ಳಿಗೆ ಚುಚ್ಚಿ ಸಿಗಿಸುವುದನ್ನು ಹಿಡಿದ. ಮಿಂಚುಳ್ಳಿ ಮೀನಿನ ತಲೆಯನ್ನು ಕಲ್ಲಿಗೆ ಅಪ್ಪಳಿಸುವುದನ್ನು ಹಿಡಿದ. ಒಮ್ಮೆ ಬೇಟೆಹದ್ದೊಂದು ನಾಮದ ಕೋಳಿಯನ್ನು ನೀರಿನಲ್ಲಿ ತುಳಿದು ತುಳಿದು ಮುಳುಗಿಸಿ, ಕೊರಳು ಹರಿದು ತಿನ್ನುವುದನ್ನು ಕಣ್ಣು ಮಿಟುಕಿಸದೆ ಹಿಡಿದ. ಮನೆಗೆ ಬಂದು ತೋರಿಸಿದರೆ ರಾಜಶ್ರೀ ಮುಖ ತಿರುಗಿಸಿದಳು. ಅವನು ಮಾತ್ರ ಅಂಥ ದಿನ ಹಗುರಾಗಿರುತ್ತಿದ್ದ, ಉಂಡು ಗಡದ್ದಾಗಿ ಮಲಗುತ್ತಿದ್ದ. ಬೀದಿಯಲ್ಲಿ ಯಾರ ಮೇಲೂ ಕೈ ಮಾಡದೆ ಎರಡು ಚಳಿಗಾಲ ಕಳೆದವು.

ಮೂರನೆಯ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆಯ ಹೆಬ್ಬಾತುಗಳು ಕಡಲೆ ಹೊಲಕ್ಕೆ ದಂಡಾಗಿ ಇಳಿದವು. ಗುರುಸಿದ್ದ ಜಾಲಿ ಕಂಟಿಯ ಹಿಂದೆ ಮಲಗಿ, ಎಲ್ಲಕ್ಕೂ ಮುಂದಿದ್ದ ದೊಡ್ಡ ಹೆಬ್ಬಾತಿನ ಕಣ್ಣಿಗೆ ಫೋಕಸ್ ಹಿಡಿದಿದ್ದ. ಅಷ್ಟರಲ್ಲಿ ಬದುವಿನಾಚೆ ಜೀಪು ನಿಂತಿತು. ಹಕ್ಕಿಗಳೆಲ್ಲ ಕತ್ತು ಎತ್ತಿದವು. ಬಂದೂಕು ಸಿಡಿಯಿತು.

ಅವನ ಬೆರಳು ಗುಂಡಿಯಿಂದ ಏಳಲಿಲ್ಲ. ದಂಡೆಲ್ಲ ಒಮ್ಮೆಲೇ ಎದ್ದು ಬಾನು ಕಪ್ಪಾಯಿತು. ಬಂದೂಕು ಎರಡನೆಯ ಸಲ ಸಿಡಿದಾಗ ಮೇಲೆದ್ದಿದ್ದ ಒಂದು ಹಕ್ಕಿ ಮಡಚಿಕೊಂಡು ಕಲ್ಲಿನಂತೆ ಬಿತ್ತು. ನೆಲದ ಮೇಲೆ ಮೂರು ಒದ್ದಾಡುತ್ತಿದ್ದವು. ತೆಳು ಹೊಟ್ಟೆಯ ಎರಡು ಬೇಟೆನಾಯಿಗಳು ಬಾಣದಂತೆ ಬಂದವು. ಗಾಯಗೊಂಡ ದೊಡ್ಡ ಹೆಬ್ಬಾತು ಬುಸುಗುಟ್ಟಿ ರೆಕ್ಕೆಯಿಂದ ಒಂದರ ಮೂತಿಗೆ ಬಡಿಯಿತು. ಇನ್ನೊಂದು ಹಿಂದಿನಿಂದ ಹಿಡಿದು ಜಗ್ಗಿ ಬೆನ್ನು ಹರಿಯಿತು. ಓಡಿ ಬಂದವನೊಬ್ಬ ಬೂಟಿನ ಹಿಮ್ಮಡಿಯಿಂದ ಅದರ ಕೊರಳು ತುಳಿದು ತಿರುವಿದ. ಆ ಮುಖ ಚೌಕಟ್ಟಿನ ತುಂಬ ಬಂದಾಗಲೇ ಗುರುಸಿದ್ದನಿಗೆ ಗುರುತು ಹತ್ತಿದ್ದು. ಜಕ್ಕಪ್ಪ. ಹಿಂದೆ ಬಂದೂಕು ಹಿಡಿದು ನಿಧಾನಕ್ಕೆ ನಡೆದು ಬರುತ್ತಿದ್ದವರು ಬಾಳಾಸಾಹೇಬರು.

ಅವನು ಮಲಗಿಯೇ ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಎದ್ದು ನಿಂತ. ಯಾಕೆ ಎದ್ದೆಯೆಂದು ಮುಂದೆ ಪೊಲೀಸರು ಕೇಳಿದರು. ಕರುಣೆ ಅಂತ ಬರೆದುಕೊಳ್ಳಲೇ ಎಂದರು. ಅಲ್ಲ ಎಂದ. ಹದ್ದು ಕೊಂದಾಗ ಏನೂ ಅನಿಸದ ಎದೆಯಲ್ಲಿ ಆ ಬೂಟು ತಿರುಗಿದಾಗ ಬೆಂಕಿ ಹತ್ತಿತ್ತು, ಅಷ್ಟೇ.

ಸಾಹೇಬರು ಅವನನ್ನು ನೋಡಿ ಮೊದಲು ನಕ್ಕರು. ಆಮೇಲೆ ಅವನ ಕೈಯಲ್ಲಿದ್ದದ್ದು ಕಂಡು ನಗು ನಿಂತಿತು.

“ಗುರುಸಿದ್ದಾ, ಅದನ್ನ ಇಲ್ಲಿ ಕೊಡು.”

“ಕೊಡೂದಿಲ್ರಿ ಸಾಹೇಬ್ರ.”

“ನನ್ನ ಹಾಲು ಕುಡದು ಬೆಳದ ಮೈ ಅದು.”

“ಖರೆ ಐತ್ರಿ. ಹೆಗಲು ಹೋದ ಮ್ಯಾಲೆ ನೀವು ಒಮ್ಮಿನೂ ಕೇಳಲಿಲ್ರಿ.”

ಸಾಹೇಬರು ಜಕ್ಕಪ್ಪನ ಕಡೆಗೆ ತಲೆ ಆಡಿಸಿದರು.

ಜಕ್ಕಪ್ಪ ನೇರ ಬಲಹೆಗಲಿಗೇ ಬಂದ. ಅವನಿಗಲ್ಲದೆ ಮತ್ತಾರಿಗೆ ಗೊತ್ತು. ಮಣಿಕಟ್ಟು ಹಿಡಿದು, ಕಂಕುಳಿಗೆ ತಲೆ ಕೊಟ್ಟು ಒಮ್ಮೆ ಜಗ್ಗಿದ್ದೇ ತಡ ಹೆಗಲು ಕಿತ್ತುಬಂತು. ಕ್ಯಾಮೆರಾ ಮಣ್ಣಿಗೆ ಬಿತ್ತು. ನೋವಿಗೆ ಗುರುಸಿದ್ದನ ಕಣ್ಣು ಕತ್ತಲಾಯಿತು. ನಾಯಿಯೊಂದು ಮೀನಖಂಡಕ್ಕೆ ಬಾಯಿ ಹಾಕಿ ಜೋತುಬಿತ್ತು. ಅದನ್ನು ಎಳೆದುಕೊಂಡೇ ಅವನು ಎಡಗೈಯಲ್ಲಿ ಜಕ್ಕಪ್ಪನ ತೋಳನ್ನು ಸುತ್ತಿ, ಮೈಭಾರವನ್ನೆಲ್ಲ ಹಾಕಿ ಕೆಡವಿದ. ಬೆನ್ನ ಹಿಂದಿನಿಂದ ಸಾಹೇಬರ ಬಂದೂಕಿನ ಹಿಡಿ ಕೆನ್ನೆಗೆ ಬಿತ್ತು. ಚರ್ಮ ಸೀಳಿ ಬಾಯಿಗೆ ರಕ್ತ ಇಳಿಯಿತು. ಇನ್ನೊಮ್ಮೆ ಬಿತ್ತು. ಅವನು ಬಿಡಲಿಲ್ಲ. ಮೊಣಕೈಯ ಕೆಳಗೆ ಜಕ್ಕಪ್ಪನ ತೋಳು ಹಸಿ ಕಬ್ಬು ಮುರಿದಂತೆ ಮುರಿಯಿತು. ಅಲ್ಲಿಗೆ ಮುಗಿಯಬೇಕಿತ್ತು. ಗುರುಸಿದ್ದ ಮೊಣಕಾಲನ್ನು ಅವನ ಕೊರಳ ಮೇಲೆ ಊರಿದ. ಜಕ್ಕಪ್ಪನ ಮುಖ ಕೆಂಪಾಗಿ, ಕಪ್ಪಾಗಿ, ನಾಲಿಗೆ ಹೊರಬರುವವರೆಗೂ ಒತ್ತಿದ. ಕೊಲ್ಲಬೇಕೆಂದೇ ಒತ್ತಿದ.

ಆಗ ಜಕ್ಕಪ್ಪನ ಮುರಿಯದ ಕೈ ನೆಲವನ್ನು ತಟ್ಟಿತು. ಸೋತೆ, ಬಿಡು ಎಂದು ಗರಡಿಯಲ್ಲಿ ತಟ್ಟುವ ಹಾಗೆ. ಗುರುಸಿದ್ದನ ಮನಸ್ಸು ಇನ್ನೂ ಒತ್ತುತ್ತಲೇ ಇತ್ತು. ಮೈ ಮಾತ್ರ ಕಲಿತದ್ದನ್ನು ಮಾಡಿತು. ಮೊಣಕಾಲು ತಾನಾಗಿಯೇ ಎದ್ದಿತು.

ಗುಂಡಿನ ಸದ್ದಿಗೆ ಊರ ಕಡೆಯಿಂದ ಜನ ಓಡಿ ಬರುತ್ತಿದ್ದರು. ಸಾಹೇಬರು ನಾಯಿಗಳನ್ನು ಜೀಪಿಗೆ ಹತ್ತಿಸಿ, ಬದು ದಾಟಿಸಿ ತಂದು, ಚಿತ್ರಗಳು ಉಳಿಯದಿರಲೆಂದು ಕ್ಯಾಮೆರಾದ ಮೇಲೆಯೇ ಗಾಲಿ ಹಾಯಿಸಿಕೊಂಡು ಹೊರಟುಹೋದರು. ಜಕ್ಕಪ್ಪನನ್ನು ಕರೆಯಲೂ ಇಲ್ಲ.

ಹಳ್ಳಿಯವರು ಇಬ್ಬರನ್ನೂ ಹಾಲಿನ ವ್ಯಾನಿನ ಮುಂದಿನ ಸೀಟಿಗೆ ಎತ್ತಿ ಕೂರಿಸಿದರು. ಬೇರೆ ಡ್ರೈವರ್ ಇರಲಿಲ್ಲ. ಗುರುಸಿದ್ದ ಜೋತುಬಿದ್ದ ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಗೇರು ಬದಲಿಸುವಾಗೆಲ್ಲ ಎಡಗೈಯನ್ನು ಸ್ಟೇರಿಂಗ್‌ನಿಂದ ತೆಗೆದು, ಬೀಳಗಿಯ ಆಸ್ಪತ್ರೆಯವರೆಗೆ ಓಡಿಸಿದ. ಪ್ರತಿ ತಗ್ಗಿಗೂ ಇಬ್ಬರೂ ಒಟ್ಟಿಗೆ ನರಳಿದರು. ಜಜ್ಜಿಹೋದ ಕ್ಯಾಮೆರಾ ಇಬ್ಬರ ನಡುವೆ ಇತ್ತು. ಲೆನ್ಸು ಪುಡಿಯಾಗಿತ್ತು. ಚಿತ್ರಗಳಿದ್ದ ಮೆಮೊರಿ ಕಾರ್ಡಿನ ಬಾಗಿಲು ಮಾತ್ರ ಮುಚ್ಚಿಯೇ ಇತ್ತು.

ಅರ್ಧ ದಾರಿಯಲ್ಲಿ ಜಕ್ಕಪ್ಪ ಒಡಕು ದನಿಯಲ್ಲಿ ಹೇಳಿದ: “ಅದ್ರಾಗ ನನ್ನ ಮಾರಿ ಐತೇನಲೇ?”

“ಐತಿ.”

“ಹೊಳಿಗಿ ಒಗದ ಬಿಡು. ಅವರು ರೊಕ್ಕಸ್ಥರು, ಬಿಡಿಸಿಕೊಂಡು ಹೋಗ್ತಾರ. ಜೇಲಿಗಿ ಹೋಗಾವ ನಾ.”

ಗುರುಸಿದ್ದ ರಸ್ತೆಯನ್ನೇ ನೋಡುತ್ತಿದ್ದ. ಅದು ಸುಳ್ಳಲ್ಲವೆಂದು ಅವನಿಗೆ ಗೊತ್ತಿತ್ತು.

ಆಸ್ಪತ್ರೆಗೆ ಬಂದ ರಾಜಶ್ರೀ ಗಂಡನ ಹೊಲಿಗೆ ಹಾಕಿದ ಕೆನ್ನೆ ನೋಡಿದಳು, ಪಕ್ಕದ ಮಂಚದಲ್ಲಿದ್ದ ಜಕ್ಕಪ್ಪನ ತೋಳು ನೋಡಿದಳು. ಇದನ್ನು ಮಾಡಿದವನು ನೀನೇನು ಎಂದು ಕೇಳಿದಳು. ಹೌದೆಂದ. ಇಬ್ಬರಿಗೂ ಗಂಜಿ ಕುಡಿಸಿ, ಆ ರಾತ್ರಿ ತವರಿಗೆ ಹೋದವಳು ತಿಂಗಳ ಮೇಲೆ ತಿರುಗಿ ಬಂದಳು.

ಗುರುಸಿದ್ದ ಕಾರ್ಡನ್ನು ಅರಣ್ಯ ಇಲಾಖೆಯವರಿಗೆ ಕೊಟ್ಟ. ಯಾವ ಚಿತ್ರವನ್ನೂ ಅಳಿಸಲಿಲ್ಲ. ಬಂದೂಕಿನ ಬಾಯಿಯ ಹೊಗೆ, ಹಿಂದೆ ಸಾಹೇಬರ ಮುಖ, ಬೀಳುತ್ತಿರುವ ಹಕ್ಕಿ, ಕೊರಳ ಮೇಲಿನ ಬೂಟು ಎಲ್ಲ ಒಂದರ ಹಿಂದೊಂದು ಇದ್ದವು. ಸಾಹೇಬರ ಮೇಲೂ ಜಕ್ಕಪ್ಪನ ಮೇಲೂ ಬೇಟೆಯ ಕೇಸಾಯಿತು. ತೋಳು ಮುರಿದದ್ದಕ್ಕೆ ಗುರುಸಿದ್ದನ ಮೇಲೂ ಆಯಿತು. ಸಾಹೇಬರಿಗೆ ವಾರದೊಳಗೆ ಜಾಮೀನು ಸಿಕ್ಕಿತು. ಜಕ್ಕಪ್ಪನಿಗೆ ಜಾಮೀನು ನಿಲ್ಲುವವರು ಬಹಳ ದಿನ ಸಿಗಲಿಲ್ಲ. ಹಾಲಿನ ವ್ಯಾನಿನ ಕೆಲಸ ಹೋಯಿತು. ಗುರುಸಿದ್ದ ಈಗ ರಬಕವಿಯ ಮಗ್ಗದ ಕಾರ್ಖಾನೆಗೆ ನೂಲಿನ ಗಂಟು ಸಾಗಿಸುವ ಮೂರು ಗಾಲಿಯ ಟಂಟಂ ಓಡಿಸುತ್ತಾನೆ. ಗೋಪಾಲನ ಅಂಗಡಿಯಲ್ಲಿ ಅದೇ ಬಗೆಯ ಇನ್ನೊಂದು ಹಳೆಯ ಕ್ಯಾಮೆರಾ ಇದೆ. ಒಮ್ಮೆ ಕೈಗೆತ್ತಿಕೊಂಡು ನೋಡಿ ಇಟ್ಟು ಬಂದಿದ್ದಾನೆ.

ಕಳೆದ ತಾರೀಖಿಗೆ ಕೋರ್ಟಿನಲ್ಲಿ ಚಿತ್ರಗಳನ್ನು ಒಂದೊಂದಾಗಿ ಅವನ ಮುಂದೆ ಹಿಡಿದರು. ಇವರು ಯಾರು ಎಂದು ಕೇಳಿದಾಗ ಬಾಳಾಸಾಹೇಬರ ಹೆಸರು ಹೇಳಿದ. ಬೂಟಿನ ಚಿತ್ರ ಬಂತು. ಜಕ್ಕಪ್ಪನ ಹೆಸರನ್ನೂ ಹೇಳಿದ.

ಹೊರಗೆ ಬಂದರೆ ಜಗಲಿಯ ಬೆಂಚಿನ ಮೇಲೆ ಜಕ್ಕಪ್ಪ ಕೂತಿದ್ದ. ಸೊಟ್ಟಗೆ ಕೂಡಿದ ಕೈಯಲ್ಲಿ ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಹೆಣಗುತ್ತಿದ್ದ. ಗುರುಸಿದ್ದ ಬಾಟಲಿ ಇಸಿದುಕೊಂಡು, ಮುಚ್ಚಳ ತೆಗೆದು, ಮುಂದೆ ಹಿಡಿದ. ಜಕ್ಕಪ್ಪ ಕೈ ಚಾಚಲಿಲ್ಲ. ಗುರುಸಿದ್ದ ಅದನ್ನು ಬೆಂಚಿನ ಮೇಲೆ ಅವನ ಪಕ್ಕಕ್ಕೆ ಇಟ್ಟು, ಮೆಟ್ಟಿಲು ಇಳಿದು ಟಂಟಂ ನಿಲ್ಲಿಸಿದ್ದ ಕಡೆಗೆ ನಡೆದ.