ಐದು ಗಂಟೆಯ ದಾರಿ

ವಿಮಾನದ ಟಿಕೆಟ್ ಮಾರುವ ಅಂಗಡಿಯಲ್ಲಿ ಕೂತೇ ಅವನ ತಲೆ ನೆರೆತಿತ್ತು. ಯಾವ ಊರಿನ ದಾರಿ ಕೇಳಿದರೂ ವಿಮಾನ ಗಾಳಿಯಲ್ಲಿರುವ ಹೊತ್ತನ್ನಷ್ಟೇ ಹೇಳುತ್ತಿದ್ದ. ನಡುವೆ ಇಳಿದು ಇನ್ನೊಂದು ವಿಮಾನಕ್ಕೆ ಕಾಯುವುದನ್ನೆಲ್ಲ ಬಿಚ್ಚಿಟ್ಟರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಆ ಚಾಳಿಯನ್ನು ಅವನು ಮನೆಯವರ ಹತ್ತಿರವೂ ಬಿಡಲಿಲ್ಲ.

ಅಕ್ಕ ಮದುವೆಯಾಗಿ ಹೋದದ್ದು ನಾಲ್ಕು ಸಾವಿರ ಕಿಲೋಮೀಟರ್ ಆಚೆಯ ಊರಿಗೆ. ಮಹಾ ಬಾಯಿಬಡುಕಿ, ಫೋನಿನಲ್ಲೇ ಅವನ ಚಳಿ ಬಿಡಿಸುತ್ತಿದ್ದಳು. "ಯಾವಾಗೋ ಬರ್ತೀಯ?" ಎಂದರೆ ಇವನದು ಒಂದೇ ಮಾತು: "ಐದೇ ಗಂಟೆ ದಾರಿ ಕಣಕ್ಕ. ಕರೆದ ದಿನ ಬಂದು ನಿಲ್ತೀನಿ." ಅವಳು ಕರೆಯಲಿಲ್ಲ, ಇವನು ಹೋಗಲಿಲ್ಲ.

ಒಂದು ಮಧ್ಯಾಹ್ನ ಭಾವ ಫೋನು ಮಾಡಿದರು. ಅಕ್ಕನ ಗಂಟಲಲ್ಲಿ ಗೆಡ್ಡೆಯಾಗಿದೆ, ನಾಳೆ ಬೆಳಿಗ್ಗೆ ಆಪರೇಷನ್, ಆಮೇಲೆ ಮಾತು ಬರುವುದಿಲ್ಲ ಎಂದರು.

"ಮೊದಲೇ ಹೇಳ್ಬಾರ್ದಿತ್ತಾ ಭಾವ?"

"ಹೇಳೋಕೆ ಬಿಟ್ರೆ ತಾನೆ? ಐದು ಗಂಟೆ ದಾರಿ, ಹಿಂದಿನ ದಿನ ಕರೆದ್ರೆ ಸಾಕು ಅಂದ್ಲು. ಬೇಗ ಬಾ. ಫೋನಲ್ಲಿ ಬೇಡವಂತೆ, ಎದುರಿಗೆ ಕೂರಿಸ್ಕೊಂಡೇ ಬೈಬೇಕಂತೆ."

ಬೆಳಗಾಗುವುದರೊಳಗೆ ಮುಟ್ಟಲಾರೆನೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಅದನ್ನು ಹೇಳಲು ಬಾಯಿ ಬರಲಿಲ್ಲ. ಸಿಕ್ಕ ವಿಮಾನ ಹತ್ತಿದ. ನಡುವಿನ ಊರಿನಲ್ಲಿ ಇರುಳೆಲ್ಲ ಕಾದು, ಆಸ್ಪತ್ರೆ ಮುಟ್ಟುವಾಗ ಮರುದಿನದ ಸಂಜೆಯಾಗಿತ್ತು.

ಅಕ್ಕನ ಕುತ್ತಿಗೆಗೆ ದಪ್ಪನೆಯ ಬಿಳಿ ಪಟ್ಟಿ ಸುತ್ತಿದ್ದರು. "ತಡವಾಯ್ತಕ್ಕ" ಎಂದ.

ಅವಳು ಅವನನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಕೈಯೆತ್ತಿ, ಐದೂ ಬೆರಳು ಬಿಡಿಸಿ, ಅವನ ಮುಖದ ಮುಂದೆ ಹಿಡಿದಳು.