ಒಂದೇ ಸಲ ಬೇಡ ಎಂದದ್ದು

ಎಪ್ಪತ್ತನಾಲ್ಕನೆಯ ಇಸವಿ, ಜುಲೈ ತಿಂಗಳ ಎರಡನೆಯ ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಸ್ಥಳ: ರಾಜಾಜಿನಗರದಲ್ಲಿ ನಮ್ಮ ಸಭೆಯವರು ಆರಾಧನೆಗೆಂದು ಬಾಡಿಗೆಗೆ ಹಿಡಿದಿದ್ದ ಶೀಟಿನ ಹಾಲ್. ಹಾಜರಿದ್ದವರು: ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಮತ್ತು ಕಾರ್ಯದರ್ಶಿಯಾದ ನನ್ನನ್ನೂ ಸೇರಿಸಿ ಸ್ತ್ರೀಯರ ಸಂಘದ ಹದಿನಾಲ್ಕು ಮಂದಿ. ಮೂರು ಗಂಟೆಯ ಸಭೆಗೆ ಮೂರಕ್ಕೆ ಬಂದವಳು ನಾನೊಬ್ಬಳೇ. ಉಳಿದವರು ಸೇರುವಷ್ಟರಲ್ಲಿ ಮೂರೂ ಇಪ್ಪತ್ತು. ಅದನ್ನೂ ಬರೆದುಕೊಂಡೆ.

ಆ ದಿನದ ಕೆಲಸ ಒಂದೇ, ಹೊಸ ಅಧ್ಯಕ್ಷೆಯನ್ನು ಆರಿಸುವುದು. ಇದ್ದ ಅಧ್ಯಕ್ಷೆಯ ಯಜಮಾನರಿಗೆ ಹುಬ್ಬಳ್ಳಿಗೆ ವರ್ಗವಾಗಿತ್ತು. ಆ ಸ್ಥಾನ ನನಗೆ ಬೇಕಿತ್ತು. ಈಗ ಬರೆಯುವಷ್ಟು ಸುಲಭವಾಗಿ ಆಗ ಇದನ್ನು ಮನೆಯವರಿಗೂ ಹೇಳಿರಲಿಲ್ಲ. ನಾನು ಶಾಲೆಯಲ್ಲಿ ಟೀಚರು. ಐದಕ್ಕೆ ಏಳುವುದು, ಐದೂಕಾಲಿಗೆ ಪ್ರಾರ್ಥನೆ, ಐದೂವರೆಗೆ ಹಾಲಿನ ಬೂತಿನ ಸಾಲು. ಸಂಘವನ್ನೂ ಹಾಗೇ ಸಾಲಿಗೆ ತರಬೇಕೆಂದು ಆಸೆ. ತಡವಾಗಿ ಬಂದವರಿಗೆ ಹಿಂದಿನ ಬೆಂಚು, ನಡುವೆ ಮಾತಾಡಿದವರು ಒಂದು ಕೀರ್ತನೆ ಬಾಯಿಪಾಠ ಒಪ್ಪಿಸಬೇಕು, ಇಂಥ ನಿಯಮಗಳನ್ನು ಶುಕ್ರವಾರವೇ ಬರೆದು ಚೀಲದಲ್ಲಿಟ್ಟಿದ್ದೆ. ದೇವರು ತನ್ನ ಆಜ್ಞೆಗಳನ್ನು ಹತ್ತಕ್ಕೇ ನಿಲ್ಲಿಸಿದ್ದ. ನನಗೆ ಹನ್ನೊಂದು ಬೇಕಾಯಿತು.

ಅಯ್ಯನವರು ಮೊದಲು ಸತ್ಯವೇದದ ಪಾಠ ಹೇಳಿದರು. ಮರಗಳೆಲ್ಲ ಸೇರಿ ಒಬ್ಬ ಅರಸನನ್ನು ಹುಡುಕಿದ ಕಥೆ. ಎಣ್ಣೆಮರವನ್ನು ಕೇಳಿದರೆ ಅದು ತನ್ನ ಎಣ್ಣೆ ಬಿಟ್ಟು ಬರಲೊಲ್ಲದು. ಅಂಜೂರ ತನ್ನ ಸಿಹಿ ಬಿಡಲೊಲ್ಲದು, ದ್ರಾಕ್ಷಿಬಳ್ಳಿ ತನ್ನ ರಸ ಬಿಡಲೊಲ್ಲದು. ಕೊನೆಗೆ ಮುಳ್ಳಿನ ಗಿಡವನ್ನು ಕೇಳಿದರೆ ಅದು ತಕ್ಷಣ ಒಪ್ಪಿಕೊಂಡಿತು. ಬಂದು ನನ್ನ ನೆರಳಲ್ಲಿ ಕೂತುಕೊಳ್ಳಿ, ಇಲ್ಲದಿದ್ದರೆ ನನ್ನಿಂದ ಬೆಂಕಿ ಹೊರಟು ನಿಮ್ಮನ್ನೆಲ್ಲ ಸುಟ್ಟೀತು ಎಂದಿತು.

"ಎಣ್ಣೆಮರ ಅಂದ್ರೆ ನಮ್ ಹೊಂಗೇನಾ, ಅಯ್ಯನೋರೆ?"

ಕೇಳಿದ್ದು ಬಿನ್ನಿಪೇಟೆಯಿಂದ ಬರುತ್ತಿದ್ದ ಹೆಂಗಸು. ಗಂಡ ಗಿರಣಿಯಲ್ಲಿ, ಈಕೆ ಮನೆಯಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ. ಓದು ನಾಲ್ಕನೇ ಕ್ಲಾಸು. ಸೆರಗಿಗೆ ಯಾವಾಗಲೂ ಒಂದೆರಡು ದಾರದ ಚೂರು ಅಂಟಿರುತ್ತಿದ್ದವು.

"ಅಲ್ಲಮ್ಮ, ಅದು ಅವರ ದೇಶದ ಮರ."

"ಹೊಂಗೆ ಆಗಿದ್ರೆ ಒಪ್ಕೊಂಡಿರೋದು, ಪಾಪ. ಎಷ್ಟ್ ತಂಪು ಅದ್ರ ನೆರಳು!"

ಎಲ್ಲರೂ ನಕ್ಕರು. ನಾನು ಗಡಿಯಾರ ನೋಡಿದೆ.

ನಮ್ಮ ಕಡೆ ಒಂದು ಪದ್ಧತಿಯುಂಟು. ಯಾರ ಮನೆಗೆ ಹೋದರೂ ಕಾಫಿ ಎಂದ ಕೂಡಲೇ ಬೇಡ ಎನ್ನಬೇಕು. ಅವರು ಸ್ವಲ್ಪವೇ ತಗೊಳ್ಳಿ ಎಂದರೆ ಈಗಷ್ಟೇ ಆಯಿತು ಎನ್ನಬೇಕು. ಅರ್ಧ ಲೋಟವಾದರೂ ಎಂದಾಗ ಪೂರ್ತಿ ಲೋಟ ಕುಡಿಯಬೇಕು. ಮೊದಲ ಸಲಕ್ಕೇ ಹೂಂ ಎಂದವರು ಕಾಫಿಯನ್ನೇ ಕಾಣದವರು. ಸ್ಥಾನಮಾನಕ್ಕೂ ಇದೇ ಶಾಸ್ತ್ರ. ಆದ್ದರಿಂದ ಹಳೆಯ ಅಧ್ಯಕ್ಷೆ ಎದ್ದು, "ನಮ್ ಟೀಚರಮ್ಮನೇ ಆಗ್ಲಿ" ಎಂದಾಗ ನಾನು ತಲೆ ತಗ್ಗಿಸಿ ಮೊದಲನೆಯ ಬೇಡ ಹೇಳಿದೆ.

"ಅಯ್ಯೋ, ನಂಗ್ಯಾಕೆ, ಬೇಡಪ್ಪ. ಸ್ಕೂಲ್ ಕೆಲಸಾನೇ ಬೇಕಾದಷ್ಟಿದೆ."

ಎರಡನೆಯ ಬೇಡವನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ಕಾದೆ. ಮೂರನೆಯ ಸಲಕ್ಕೆ "ನೀವೆಲ್ಲ ಇಷ್ಟು ಹೇಳೋವಾಗ" ಎಂಬುದು ಸಿದ್ಧವಾಗಿತ್ತು.

ಅಯ್ಯನವರ ಮುಖ ಅರಳಿತು. "ನೋಡಿದ್ರಾ! ಈಗ್ತಾನೆ ಕೇಳಿದ್ವಿ. ಎಣ್ಣೆಮರ ತನ್ನ ಕೆಲಸ ಬಿಟ್ಟು ಬರಲಿಲ್ಲ. ನಮ್ಮ ಟೀಚರಮ್ಮಾನೂ ಹಾಗೇ. ಅಂಥೋರನ್ನ ಒತ್ತಾಯ ಮಾಡಬಾರದು. ದೇವರಿಗೆ ಸ್ತೋತ್ರ."

"ಆಮೆನ್" ಎಂದರು ಹದಿಮೂರು ಮಂದಿ. ಅಭ್ಯಾಸಬಲದಿಂದ ನಾನೂ ಎಂದೆ.

ಆಮೇಲೆ ಎಲ್ಲರಿಗೂ ಎಣ್ಣೆಮರವಾಗುವ ಉತ್ಸಾಹ ಹತ್ತಿತು. ವಿಜಯನಗರದ ಅಜ್ಜಿಯೊಬ್ಬರು ಕೇಳುವ ಮೊದಲೇ ಎದ್ದು, "ನಂಗೂ ಬೇಡ" ಎಂದರು. "ನಿಮ್ನ ಯಾರ್ ಕೇಳಿದ್ರು ಅಜ್ಜಿ?" ಎಂದು ಯಾರೋ ಕಿಚಾಯಿಸಿದರೆ, "ಕೇಳ್ಲಿ ಬಿಡ್ಲಿ, ಹೇಳೋದ್ ಹೇಳ್ಬೇಕಲ್ಲ" ಎಂದು ಕೂತರು. ಒಬ್ಬರಾದ ಮೇಲೊಬ್ಬರು ಬೇಡ ಎನ್ನುತ್ತ ಸರದಿ ಬಿನ್ನಿಪೇಟೆಯವಳಿಗೆ ಬಂತು.

"ಏನೇನ್ ಮಾಡ್ಬೇಕು?" ಎಂದು ಕೇಳಿದಳು.

"ಕಾಯಿಲೆ ಬಿದ್ದೋರ ಮನೆಗೆ ಹೋಗ್ಬೇಕು, ತಿಂಗಳಿಗೊಂದ್ಸಲ ಎಲ್ರನ್ನೂ ಸೇರಿಸ್ಬೇಕು" ಎಂದರು ಹಳೆಯ ಅಧ್ಯಕ್ಷೆ.

"ಅಷ್ಟೇನಾ? ಆಗ್ಲಿ, ಮಾಡ್ತೀನಿ."

ಮೊದಲ ಸಲಕ್ಕೇ ಹೂಂ! ಹಿಂದಿನ ಬೆಂಚಿನಲ್ಲಿ ಯಾರೋ "ಮುಳ್ಳು ಕಣೇ" ಎಂದು ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಸಂತೋಷವಾಯಿತು. ಅಯ್ಯನವರು ಕನ್ನಡಕ ತೆಗೆದು ಒರೆಸುತ್ತಿದ್ದರು. ಇದೇ ಸಮಯವೆಂದು ನಾನು ಎದ್ದು ನಿಂತೆ. ಬೇರೆ ಯಾರೂ ತಕ್ಕವರಿಲ್ಲದ ಕಾರಣ ನಾನೇ ಈ ಭಾರ ಹೊರುತ್ತೇನೆ ಎನ್ನುವುದಷ್ಟೇ ಬಾಕಿ.

"ಒಂದು ಮಾತು" ಎಂದೆ.

"ನಂದೂ ಒಂದ್ ಮಾತು ಟೀಚರಮ್ಮ" ಎಂದಳು ಆಕೆ. "ನಂಗೆ ಬರೆಯೋದು ಬಲು ನಿಧಾನ. ಅಜ್ಜಿಗಿರೋ ಸಮಾಧಾನ ನಂಗಿಲ್ಲ, ನಿಮ್ಗಿರೋ ಬುದ್ಧಿ ನಂಗಿಲ್ಲ. ನೀವೆಲ್ಲ ಜೊತೆಗಿದ್ರೆ ಮಾತ್ರ ಮಾಡ್ತೀನಿ. ಇಲ್ಲಾಂದ್ರೆ ಆಗಲ್ಲ."

ನಾನು ನಿಂತೇ ಇದ್ದೆ. ಕಥೆಯ ಮುಳ್ಳಿನ ಗಿಡ ತನ್ನಲ್ಲಿಲ್ಲದ ನೆರಳಿಗೆ ಎಲ್ಲರನ್ನೂ ಕರೆದಿತ್ತು. ಈಕೆ ನಮ್ಮ ನೆರಳು ಕೇಳುತ್ತಿದ್ದಳು. ಬಾರದವರನ್ನು ಸುಡುವ ಹನ್ನೊಂದು ಬೆಂಕಿ ಇದ್ದದ್ದು ಯಾರ ಚೀಲದಲ್ಲಿ? ಇಪ್ಪತ್ತೆಂಟು ಕಣ್ಣು ನನ್ನ ಮೇಲಿದ್ದವು.

"ಹೇಳಿ ಟೀಚರಮ್ಮ" ಎಂದರು ಅಯ್ಯನವರು.

"ಈಕೆ ಹೆಸರನ್ನ ನಾನು ಅನುಮೋದಿಸ್ತೀನಿ" ಎಂದು ಕೂತುಬಿಟ್ಟೆ. ಎಲ್ಲರ ಕೈ ಮೇಲೆದ್ದಿತು. ಅಜ್ಜಿಯವು ಎರಡೂ.

"ನೀವ್ ಎದ್ದಿದ್ ನೋಡಿ ಬೈತೀರಾ ಅನ್ಕೊಂಡೆ" ಎಂದು ಹೊಸ ಅಧ್ಯಕ್ಷೆ ನನ್ನ ಪಕ್ಕಕ್ಕೆ ಬಂದು ಕೂತಳು. ನಡಾವಳಿ ಪುಸ್ತಕಕ್ಕೆ ಅಧ್ಯಕ್ಷೆಯ ಸಹಿ ಬೇಕಲ್ಲ. ನಾನು ತಡೆಯುವ ಮೊದಲೇ ಪುಸ್ತಕ ತೆರೆದು, ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಓದತೊಡಗಿದಳು. ಖಚಿತವಾದದ್ದನ್ನು ಮುಂಚೆಯೇ ಬರೆದಿಡುವುದು ನನ್ನ ರೂಢಿ. ಬೆಳಿಗ್ಗೆ ತಿಂಡಿಯಾದ ಮೇಲೆ ಶಾಯಿಯಲ್ಲಿ, ದುಂಡಗೆ ಬರೆದಿದ್ದೆ.

"'ಎಷ್ಟೋ ಬೇಡವೆಂದರೂ... ಎಲ್ಲರೂ ಒತ್ತಾಯಿಸಿದ್ದರಿಂದ... ಕಾರ್ಯದರ್ಶಿಯವರೇ ಒಪ್ಪಿಕೊಂಡರು.' ಇದು ಯಾವತ್ತಿಂದು ಟೀಚರಮ್ಮ?"

"ಅದು... ಮುಂದಿನ ವರ್ಷದ್ದು" ಎಂದೆ, ಬಾಯಿಗೆ ಬಂದದ್ದು.

ಆಕೆ ನನ್ನ ಮುಖ ನೋಡಿದಳು. ಬೆಂಚು ಅಲ್ಲಾಡುವ ಹಾಗೆ ನಕ್ಕಳು. ಅಯ್ಯನವರು ತಿರುಗಿ ಏನಾಯಿತೆಂದು ಕೇಳಿದರು.

"ಏನಿಲ್ಲ ಅಯ್ಯನೋರೆ, ಟೀಚರಮ್ಮ ಹೆಂಗ್ ಓದೋದು ಅಂತ ಹೇಳ್ಕೊಡ್ತಿದಾರೆ." ಆಮೇಲೆ ನನ್ನ ಕಿವಿಯ ಹತ್ತಿರ, "ಮುಂದಿನ ವರ್ಷದ್ದು ಮುಂದಿನ ವರ್ಷಕ್ಕಿರ್ಲಿ. ಇವತ್ತಿಂದ್ ಬರೀರಿ ಬೇಗ, ನನ್ ಬಸ್ ಹೋಗ್ಬಿಡತ್ತೆ."

ಬೆಳಗಿನ ಸಾಲುಗಳನ್ನು ಸ್ಕೇಲಿಟ್ಟು ಹೊಡೆದುಹಾಕಿದೆ. ಕೆಳಗೆ ಆದದ್ದನ್ನು ಆದ ಹಾಗೆ ಬರೆದೆ: ಕಾರ್ಯದರ್ಶಿಯವರು ಬೇಡವೆಂದರು. ಆಕೆ ಒಂದೊಂದೇ ಅಕ್ಷರ ತಿದ್ದಿ ಸಹಿ ಹಾಕುವವರೆಗೆ ಕಾದೆ, ಅವಸರಪಡಿಸಲಿಲ್ಲ. ಐದು ಗಂಟೆ ಹತ್ತು ನಿಮಿಷ. ಶಾಯಿ ಆರಿದ ಮೇಲೆ ಪುಸ್ತಕವನ್ನು ಸಂಘದ ಬೀರುವಿನಲ್ಲಿಟ್ಟು, ಬೀಗ ಹಾಕಿ, ಎಳೆದು ನೋಡಿ, ಬೀಗದ ಕೈಯನ್ನು ಅಧ್ಯಕ್ಷೆಯ ಕೈಗೆ ಕೊಟ್ಟೆ.