ದಡ ಹುಡುಕಿದ ಚುಕ್ಕಾಣಿ

ಮುಂಬಯಿಗೆ ಹೆಂಚು ಒಯ್ಯುತ್ತಿದ್ದ ನಮ್ಮ ಹಾಯಿಹಡಗಿನ ಮುಂದೆಯೇ ನಡುರಾತ್ರಿ ಅಲೆಯೊಂದು ಬಂಡೆಗೆ ಬಡಿದು ಬೆಳ್ಳಗೆ ಸಿಡಿಯಿತು. ಮಲಗಿದ್ದ ಮಂಗಳೂರಿನ ನಾವಿಕ ಹಾರಿ ಬಂದು, ನನ್ನ ಕೈಯಿಂದ ಚುಕ್ಕಾಣಿ ಕಸಿದು ಹಡಗನ್ನು ನಡುಗಡಲಿನತ್ತ ಹೊರಳಿಸಿದ.

"ಎಂಥ ಮಾಡಿದ್ದು ಮಾರಾಯಾ?"

"ದಡ ಕಾಣವಲ್ದು ರೀ, ಅಂಜಿಕಿ ಆತು, ಅದರ ಕಡೆ ಹೊಳ್ಳಿಸಿದೆ. ನಮ್ಮ ಮುಕ್ಕುಂದದ ಹೊಳ್ಯಾಗ ದಡ ನೋಡೇ ಹರಿಗೋಲು ಹಾಕ್ತೀವಿ," ಎಂದೆ.

"ಹಡಗು ಒಡೆಯುವುದೇ ದಡದಲ್ಲಿ! ಹಿಡಿ, ಇನ್ನು ಆ ಕಡೆ ನೋಡಬೇಡ," ಎಂದು ಚುಕ್ಕಾಣಿಯನ್ನು ನನಗೇ ಮರಳಿಸಿದ.

ಆಮೇಲೆ ತೆಂಕಣ ಗಾಳಿಗೆ ಹಾಯಿ ಉಬ್ಬಿತು. ಜೊತೆಗೆ ಹೊರಟ ಹಡಗುಗಳನ್ನೆಲ್ಲ ಹಿಂದೆ ಹಾಕಿ ಮುಂಬಯಿ ಮುಟ್ಟಿಸಿದೆ.

ನಮ್ಮೂರು ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದಾಗಿನ ಮಾತಿದು. ಆ ಓಟವನ್ನು ಸಿಂಧನೂರಿನಲ್ಲಿ ಎಷ್ಟೋ ಸಲ ಹೆಮ್ಮೆಯಿಂದ ಹೇಳಿದ್ದೇನೆ. ನನ್ನನ್ನು ನಂಬಿ ನಿದ್ದೆ ಹೋದವರನ್ನು ಬಂಡೆಯವರೆಗೆ ಒಯ್ದಿದ್ದೆ ಎಂಬುದನ್ನು ಮಾತ್ರ ಇಂದೇ ಹೇಳುತ್ತಿದ್ದೇನೆ.